ಅಯ್ಯನವರ ಕೈಗೆ ಸಿಕ್ಕ ಕಾಲು

“ನೀ ಯಾರ ಪೈಕಿ, ತಮ್ಮಾ?” ಎಂದು ನಮ್ಮತ್ತೆ ಕೇಳಿದಾಗ ಅವರ ಹಿಮ್ಮಡಿ ಫಿಸಿಯೋಥೆರಪಿಸ್ಟ್ ತರುಣನ ಅಂಗೈಯಲ್ಲಿತ್ತು.

ಮೊಣಕಾಲಿನ ಅರ್ಧ ಕೀಲು ಬದಲಿಸಿದ ಮೇಲೆ ಅತ್ತೆಯ ಕಾಲು ಮಡಚಲೊಲ್ಲದಾಗಿತ್ತು. ಹೀಗೇ ಬಿಗಿದುಕೊಂಡರೆ ಮತ್ತೆ ಅಡ್ಮಿಟ್ ಆಗಬೇಕಾದೀತು ಎಂದು ಡಾಕ್ಟರು ಹೆದರಿಸಿದ್ದರು. ವ್ಯಾಯಾಮಕ್ಕೆಂದು ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿಬರುವಷ್ಟರಲ್ಲಿ ಕಾಲು ಊದುತ್ತಿತ್ತು. ಅದಕ್ಕೇ ಈ ತರುಣನನ್ನು ಮನೆಗೇ ಕರೆಸಿದೆವು. ಆಸ್ಪತ್ರೆಯಲ್ಲಿ ಅತ್ತೆ ಯಾರ ಹೆಸರನ್ನೂ ಕೇಳಿದವರಲ್ಲ. ಆದರೆ ಮನೆಗೆ ಬಂದವರ ಮನೆತನ ಕೇಳದೆ ಬಿಟ್ಟಾರೆಯೇ?

“ಬಾಜು ಊರಿನ ಮಠದ ಅಯ್ಯಾರ ಮನಿಯಾಂವ್ರಿ,” ಎಂದ ಆತ.

ಹಬ್ಬ ಬಂದರೆ ಜಂಗಮರಾದ ಅಯ್ಯನವರ ಪಾದಪೂಜೆ ಮಾಡಿಯೇ ಉಣ್ಣುವವರು ನಮ್ಮತ್ತೆ. ಅಂಥ ಮನೆಯವರು ತಮ್ಮ ಕಾಲು ಹಿಡಿದಿದ್ದಾರೆಂದು ತಿಳಿದದ್ದೇ ತಡ, “ಶಿವಶಿವಾ” ಎನ್ನುತ್ತ ಕಾಲನ್ನು ಸರ್ರನೆ ಎಳೆದು ಸೀರೆಯೊಳಗೆ ಮುಚ್ಚಿಟ್ಟುಕೊಂಡರು. ವಾರಗಟ್ಟಲೆ ಹಟ ಹಿಡಿದಿದ್ದ ಮೊಣಕಾಲು ಅಷ್ಟೂ ಮಡಚಿಕೊಂಡಿತ್ತು. ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಆತ ಮಾತ್ರ ಗಂಭೀರವಾಗಿ, “ಇನ್ನೊಮ್ಮಿ ಹಂಗ ಎಳ್ಕೋರಿ, ಅವ್ವಾರ,” ಎಂದು ಪಾದದತ್ತ ಕೈ ಚಾಚಿದ. ಅತ್ತೆ ಮತ್ತೆ ಎಳೆದುಕೊಂಡರು. ಆತ ಚಾಚುವುದು, ಇವರು ಎಳೆದುಕೊಳ್ಳುವುದು ನಡೆದೇ ಇತ್ತು. ಕಡೆಗೆ ಅತ್ತೆಯೇ ನಗು ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡರು.

ಈಗ ಅತ್ತೆ ಸಂತೆಗೆ ತಾವೇ ನಡೆದು ಹೋಗುತ್ತಾರೆ, ಆತ ಬರುವುದು ನಿಂತಿದೆ. ವ್ಯಾಯಾಮಕ್ಕೆ ಬೇಸರಪಟ್ಟು ಕಾಲು ಚಾಚಿ ಕೂತ ದಿನ ನಾನು ಅಡುಗೆಮನೆಯಿಂದಲೇ, “ಅತ್ತಿ, ಅಯ್ಯಾರು ಬಂದ್ರು,” ಎನ್ನುತ್ತೇನೆ. ಸುಳ್ಳೆಂದು ಅವರಿಗೆ ಗೊತ್ತು. ಕಾಲಿಗೆ ಇನ್ನೂ ಗೊತ್ತಾಗಿಲ್ಲ.