ಕೆರೆಯ ಗೇಟಿನಲ್ಲಿ ಸಿಕ್ಕ ಚೀಲ

ಗಂಡ ತೀರಿಕೊಂಡ ಮೇಲೆ ನನ್ನ ತಂಗಿ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ಮನೆಯಲ್ಲೇ ಕುಳಿತುಬಿಟ್ಟಳು. ಹೀಗೇ ಮುಗಿದುಹೋಗುತ್ತಾಳೆಂದು ಹೆದರಿ, ಒಂದು ಭಾನುವಾರ ಬಲವಂತವಾಗಿ ಬಸ್ಸು ಹತ್ತಿಸಿ ಊರಂಚಿನ ಕೆರೆಗೆ ಕರೆದೊಯ್ದೆ. ಗೇಟಿನ ಬಳಿ ಸ್ವಯಂಸೇವಕರು ಚೀಲ ಹಿಡಿದು ಕಸ ಹೆಕ್ಕುತ್ತಿದ್ದರು. ಒಳಗೆ ಬಿಡಲು ಅದೇ ನಿಯಮವೆಂದು ತಿಳಿದ ತಂಗಿ, ತಾನೂ ಚೀಲ ಇಸಿದುಕೊಂಡು ಮಧ್ಯಾಹ್ನದವರೆಗೆ ಹೆಕ್ಕಿದಳು.

“ಅಕ್ಕಾ, ಕೆರೆ ನೋಡೋಕೆ ಯಾರೂ ಕಸ ಎತ್ತಬೇಕಾಗಿಲ್ಲ,” ಎಂದು ಗೇಟಿನ ಕಾವಲುಗಾರ ಕೊನೆಗೆ ಅವಳನ್ನು ನೋಡಿ ನಕ್ಕ.

“ಮೊದಲೇ ಹೇಳೋಕೆ ಬಾಯಿಗೇನಾಗಿತ್ತು?” ಎಂದು ಗದರಿದವಳು, ಸೊಂಟ ನೆಟ್ಟಗೆ ಮಾಡಿಕೊಂಡು ಕೇಳಿದಳು: “ಮುಂದಿನ ವಾರ ಎಷ್ಟು ಹೊತ್ತಿಗೆ ಬರಲಿ?”

ಈಗ ಬುತ್ತಿ ಕಟ್ಟಿಕೊಂಡು ವಾರವಾರ ಆ ಸ್ವಯಂಸೇವಕರ ಜೊತೆ ಹೊರಡುತ್ತಾಳೆ. ಬೇಸಿಗೆಯಲ್ಲಿ ಪಾರ್ಕಿನ ಗಿಡಗಳಿಗೆ ನೀರು, ಮಳೆಗಾಲದಲ್ಲಿ ಸಸಿ ನೆಡುವುದು, ಚಳಿಗಾಲದಲ್ಲಿ ಗ್ರಂಥಾಲಯದ ಹರಿದ ಪುಸ್ತಕಗಳಿಗೆ ಹೊಲಿಗೆ. ಉಳಿದ ದಿನ ಅವಳ ಯಂತ್ರದ ಸದ್ದು ನನ್ನ ಕೋಣೆಗೆ ಕೇಳುತ್ತದೆ. ಮಧ್ಯಾಹ್ನದವರೆಗೆ ಬಾಯಿ ಬಿಡದ ಆ ಕಾವಲುಗಾರನಿಗೆ ನಾನು ಋಣಿ.