ಎಂಟು ಕುಕ್ಕರಿನಲ್ಲಿ ಬರೇ ನೀರು

ಪುಣೆಯ ಖರಾಡಿಯ ಗಾಜಿನ ಕಟ್ಟಡಗಳ ಬೆನ್ನಿಗೆ ಒಂದು ತಗಡಿನ ಶೆಡ್ಡು. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಒಳಗೆ ಎಂಟು ಒಲೆಗಳ ಮೇಲೆ ಎಂಟು ಕುಕ್ಕರುಗಳು ಕೂತಿವೆ. ಮೊದಲನೆಯದು ಸೀಟಿ ಹಾಕುತ್ತದೆ, ಹಿಂದೆಯೇ ಐದನೆಯದು, ಆಮೇಲೆ ಒಟ್ಟಿಗೆ ಮೂರು. ತಿಪ್ಪವ್ವ ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು ಒಂದೊಂದರ ಮುಂದೂ ಬಗ್ಗುತ್ತಾರೆ, ಮುಚ್ಚಳದ ಅಂಚಿನ ಸುತ್ತ ಅಂಗೈ ಆಡಿಸುತ್ತಾರೆ. ಹಬೆ ಎಲ್ಲಿ ಸೋರುತ್ತಿದೆ ಎಂಬುದು ಅವರ ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ.

"ದಾರಿ ಮ್ಯಾಲೆ ಹೋಗವ್ರು ಇಲ್ಲೇನೋ ಲಗ್ನದ ಅಡಗಿ ನಡದದ ಅಂತಾರ್ರಿ," ಎಂದು ನಗುತ್ತಾರೆ. "ಅನ್ನ ಇಲ್ಲ, ಬ್ಯಾಳಿ ಇಲ್ಲ. ಎಂಟರಾಗೂ ಬರೇ ನೀರು."

ಅವರು ನೋಡುವುದು ಕುಕ್ಕರನ್ನಲ್ಲ, ಮುಚ್ಚಳದೊಳಗಿನ ರಬ್ಬರ್ ರಿಂಗನ್ನು. ಏಳು ಕುಕ್ಕರುಗಳಲ್ಲಿ ಇರುವುದು ವಿಯೆಟ್ನಾಂನ ಕಾರ್ಖಾನೆಯಿಂದ ಹಡಗಿನಲ್ಲಿ ಬಂದ ರಿಂಗು. ಎಂಟನೆಯದರಲ್ಲಿ ಇರುವುದು ಇದೇ ಶೆಡ್ಡಿನ ಮೂಲೆಯ, ರಬ್ಬರ್ ಒತ್ತುವ ಹಳೇ ಪ್ರೆಸ್ಸಿನಲ್ಲಿ ಸೋಮವಾರ ಮಾಡಿದ್ದು. ಅದು ಇವತ್ತು ಸೋರಿದರೆ ಪ್ರೆಸ್ಸು ಗುಜರಿಗೆ, ತಡೆದರೆ ಶನಿವಾರದ ಲಾರಿಯಲ್ಲಿ ವಾಘೋಲಿಯ ಹೊಸ ಗೋದಾಮಿಗೆ. ಕುಕ್ಕರ್ ಕಂಪನಿಗಳಿಗೆ ರಿಂಗು ಮಾರುವ ಈ ಕಂಪನಿಯ ಮಾಲೀಕ ಏಕನಾಥ ಹಾಗೆಂದು ಹೇಳಿಬಿಟ್ಟಿದ್ದಾರೆ.

ತಿಪ್ಪವ್ವನಿಗೆ ಈಗ ಐವತ್ಮೂರು. ಹುಟ್ಟೂರು ರಾಮದುರ್ಗದ ಕಡೆ. ಹತ್ತೊಂಬತ್ತಕ್ಕೆ ಮದುವೆಯಾಗಿ ಯೆರವಡಾಕ್ಕೆ ಬಂದವರು ಅಲ್ಲೇ ಇದ್ದಾರೆ. ಟೆಂಪೋ ಓಡಿಸುತ್ತಿದ್ದ ಗಂಡ ಹನ್ನೊಂದು ವರ್ಷದ ಹಿಂದೆ ತೀರಿಕೊಂಡರು. ಇಬ್ಬರು ಹೆಣ್ಣುಮಕ್ಕಳ ಓದು, ಮದುವೆ ಎಲ್ಲವೂ ಈ ಶೆಡ್ಡಿನ ಕೆಲಸದಲ್ಲೇ ಆಯಿತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಸಣ್ಣ ಸಣ್ಣ ಸುಟ್ಟ ಗೆರೆಗಳಿವೆ. ಕಾದ ಅಚ್ಚಿನಿಂದ ರಿಂಗು ಎತ್ತುವಾಗ ಆದವು. ಬಳೆ ಹಾಕಿಕೊಂಡರೆ ಅರ್ಧ ಮುಚ್ಚುತ್ತವೆ.

ಆರು ವರ್ಷದ ಹಿಂದಿನವರೆಗೂ ಇಲ್ಲಿ ಐದು ಪ್ರೆಸ್ಸು, ಇಪ್ಪತ್ತೆರಡು ಹೆಂಗಸರು. ವಿಯೆಟ್ನಾಂನಲ್ಲಿ ಮಾಡಿಸಿ ತರಿಸುವುದೇ ಸಸ್ತಾ ಎಂದು ಲೆಕ್ಕವಾದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಬೇರೆ ಬೇರೆ ಕೆಲಸಕ್ಕೆ ಚದುರಿದರು. ಬಂದ ಮಾಲು ನೋಡಲು ಒಬ್ಬರು ಬೇಕಲ್ಲ ಎಂದು ತಿಪ್ಪವ್ವ ಉಳಿದರು. ನಾಲ್ಕು ಪ್ರೆಸ್ಸು ಗುಜರಿಗೆ ಹೋದವು. ಐದನೆಯದನ್ನು ಎತ್ತುವಾಗ ಕ್ರೇನಿನ ಸರಪಳಿ ಹರಿಯಿತು, ನಾಳೆ ನೋಡೋಣ ಎಂದು ಹೋದವರು ಮತ್ತೆ ಬರಲಿಲ್ಲ.

ಆಗ ತಿಪ್ಪವ್ವ ಮಾಲೀಕರ ಹತ್ತಿರ ಕೇಳಿದ್ದು ಒಂದೇ. ಸೋಮವಾರಕ್ಕೊಮ್ಮೆ ಒಂದು ತಾಸು ಪ್ರೆಸ್ಸಿಗೆ ಕರೆಂಟು.

"ವಾರಕ್ಕೊಮ್ಮಿ ಕಾಸಲಿಲ್ಲಂದ್ರ ಅಚ್ಚಿಗಿ ತುಕ್ಕು ಹಿಡೀತದ್ರಿ. ನನ್ನ ಕೈಗೂ ಹಿಡೀತದ."

ಅಂದಿನಿಂದ ಒಂದು ಸೋಮವಾರವೂ ತಪ್ಪಿಲ್ಲ. ಸೋಮವಾರ ಅವರಿಗೆ ಒಪ್ಪತ್ತು. ಬೆಳಿಗ್ಗೆ ಪ್ರೆಸ್ಸಿಗೆ ಕುಂಕುಮ ಹಚ್ಚಿ, ಅಚ್ಚು ಕಾಯಿಸಿ, ರಬ್ಬರಿನ ತುಂಡು ಇಟ್ಟು ಒತ್ತುತ್ತಾರೆ. ಎಂಟು ನಿಮಿಷಕ್ಕೆ ಆರು ರಿಂಗು. ಶೆಡ್ಡಿನ ಕಾವಲುಗಾರ ಬೈಲಹೊಂಗಲದ ಶಿವಪುತ್ರಪ್ಪನಿಗೆ ಇದೊಂದು ತಮಾಷೆ. "ನೋಡ್ರಿ, ತಾ ಉಪಾಸ, ಪ್ರೆಸ್ಸಿಗಿ ಊಟ!" ಎಂದು ಪ್ರತಿ ವಾರವೂ ಹೇಳುತ್ತಾನೆ. "ನಿನಗರ ಹಾಕೇನಿ ಏನು ಊಟ? ಸುಮ್ಮ ಗೇಟ್ ಕಾಯಿ," ಎಂದು ತಿಪ್ಪವ್ವನೂ ಪ್ರತಿ ವಾರ ಹೇಳುತ್ತಾರೆ.

ಇನ್ನೊಂದು ಪದ್ಧತಿಯೂ ಅವರದೇ. ಐನೂರು ರಿಂಗಿನ ಪೆಟ್ಟಿಗೆಯಿಂದ ಎರಡು ತೆಗೆದು ಮೂರು ಸೀಟಿ ಹಾಕಿಸಬೇಕು ಎಂಬುದು ಕಂಪನಿಯ ನಿಯಮ. ತಿಪ್ಪವ್ವ ಅದೇ ರಿಂಗನ್ನು ತಣಿಯಲು ಬಿಟ್ಟು ಮರುದಿನ ಮತ್ತೆ ಮೂರು ಸೀಟಿ ಹಾಕಿಸುತ್ತಾರೆ. ಯಾಕೆಂದು ಕೇಳಿದರೆ, "ಮನ್ಯಾಗ ಯಾರರ ಒಂದ ದಿನ ಅಡಗಿ ಮಾಡಿ ಬಿಡ್ತಾರೇನ್ರಿ?" ಎನ್ನುತ್ತಾರೆ.

ಕಳೆದ ವರ್ಷ ಕಂಪನಿಯನ್ನು ಉಳಿಸಿದ್ದು ಈ ಮರುದಿನದ ಸೀಟಿ. ಹೊಸ ಕಂಟೇನರಿನ ರಿಂಗುಗಳು ಮೊದಲ ದಿನ ಚೆನ್ನಾಗಿಯೇ ತಡೆದವು. ಮರುದಿನ ಎಂಟರಲ್ಲಿ ಐದು ಸೋರಿದವು. ತಣಿದ ರಿಂಗು ಒಣ ರೊಟ್ಟಿಯಂತೆ ಸೆಟೆದಿತ್ತು. ಮಾಲು ತರಿಸುವ ಅಧಿಕಾರಿ ಓಂಕಾರ್ ಅಂದು ಒಪ್ಪಲಿಲ್ಲ. ಅವರ ಹಿರಿಯರು ಬೆಳಗಾವಿಯವರು, ಅವರು ಹುಟ್ಟಿದ್ದು ಪುಣೆಯಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ತಿಪ್ಪವ್ವನನ್ನು ಕರೆಯುವುದು ಮರಾಠಿಯಲ್ಲಿ 'ಮಾವಶಿ', ಚಿಕ್ಕಮ್ಮ, ಎಂದೇ.

"ಮಾವಶಿ, ಅವರ ಲ್ಯಾಬಿನ ಕಾಗದ ಬಂದದ. ಎಲ್ಲಾ ಪಾಸ್ ಅದ."

"ಕಾಗದ ಕುದಿಸಿ ನೋಡಿರೇನ್ರಿ ಸಾಹೇಬ್ರ?"

ಓಂಕಾರ್ ಅವತ್ತು ಸಿಟ್ಟಾದರು. ಆದರೂ ಮಾಲು ಕಳಿಸುವುದನ್ನು ತಡೆದು ವಿಯೆಟ್ನಾಂಗೆ ಫೋನು ಹಚ್ಚಿದರು. ನಾಲ್ಕು ದಿನದ ಮೇಲೆ ಅಲ್ಲಿಯವರು ಒಪ್ಪಿಕೊಂಡರು: ಕಚ್ಚಾ ರಬ್ಬರು ಕೊಡುವವರನ್ನು ಬದಲಿಸಿದ್ದರು, ಇಲ್ಲಿಗೆ ಹೇಳಿರಲಿಲ್ಲ. ಹೊಸ ಮಾಲು ಬರಲು ನಾಲ್ಕು ವಾರ. ಇತ್ತ ಕುಕ್ಕರ್ ಕಂಪನಿಗಳು ರಿಂಗಿಗಾಗಿ ಕಾಯುತ್ತಿವೆ.

ಸೋಮವಾರದ ಪ್ರೆಸ್ಸು ಆಗ ದಿನಾ ಓಡಿತು. ಬೆಳಿಗ್ಗೆ ಏಳರಿಂದ ಸಂಜೆಯವರೆಗೆ ನಾನೂರ ಐವತ್ತು ರಿಂಗು. ಒಟ್ಟು ಇಪ್ಪತ್ಮೂರು ದಿನ, ಅಚ್ಚಿನ ಮುಂದೆ ತಿಪ್ಪವ್ವ ಒಬ್ಬರೇ. ಹದಿನಾರನೆಯ ದಿನ ಜ್ವರ ಬಂದು ಅವರು ಮಲಗಿದರು. ಆ ದಿನ ಪ್ರೆಸ್ಸೂ ಮಲಗಿತು. ಒಂದು ಗಿರಾಕಿ ಕಂಪನಿ ಕೈಬಿಟ್ಟು ಹೋಯಿತು, ದೊಡ್ಡದು ಉಳಿಯಿತು. ಶೆಡ್ಡಿನಲ್ಲಿ ಯಾರೂ ಹಾರ ಹಾಕಲಿಲ್ಲ. ಮುಂದಿನ ಸೋಮವಾರ ಓಂಕಾರ್ ಒಂದು ಡಬ್ಬಿ ಎಣ್ಣೆ ತಂದು ಪ್ರೆಸ್ಸಿನ ಪಕ್ಕದಲ್ಲಿಟ್ಟು ಹೋದರು.

ಅವರು ಈಗ ಅರ್ಧ ಮಾಲನ್ನು ಕೊಯಮತ್ತೂರಿನಿಂದ ತರಿಸುತ್ತಾರೆ. ಎರಡು ತಿಂಗಳಿಗಾಗುವಷ್ಟು ರಿಂಗು ಗೋದಾಮಿನಲ್ಲಿ ಸದಾ ಇರುತ್ತದೆ. ಹೇಳದೆ ರಬ್ಬರು ಬದಲಿಸಬಾರದು, ಮರುದಿನದ ಸೀಟಿಯಲ್ಲೂ ರಿಂಗು ಪಾಸಾಗಬೇಕು ಎಂದು ಕರಾರಿನಲ್ಲಿ ಬರೆಸಿದ್ದಾರೆ.

ಶೆಡ್ಡಿನ ಜಾಗ ಬಿಡಬೇಕಾಗಿ ಬಂದಾಗ ಮತ್ತೆ ಪ್ರೆಸ್ಸಿನ ಮಾತು ಬಂತು. ಅದನ್ನೂ ಒಯ್ಯೋಣ ಎಂದು ಈ ಸಲ ಹಟ ಹಿಡಿದವರು ಓಂಕಾರ್. ಆಗ ಏಕನಾಥ ಕೇಳಿದರು: "ಒಂದೇ ಕಾರ್ಖಾನೆಯನ್ನು ನಂಬಬಾರದು ಅಂತೀರಿ. ತಿಪ್ಪವ್ವ ಒಬ್ಬರನ್ನೇ ನಂಬಬಹುದಾ? ಆಕೆಗೆ ಜ್ವರ ಬಂದರೆ ಪ್ರೆಸ್ಸು ಯಾರು ನಡೆಸುತ್ತಾರೆ?" ಇನ್ನೊಬ್ಬರು ಮಾಡಿದ ರಿಂಗು ಎರಡೂ ದಿನ ತಡೆಯಲಿ, ಆಗ ಲಾರಿಗೆ ಹತ್ತಿಸಿ ಎಂದರು.

"ನಾ ಕಲೀತೀನಿ," ಎಂದರು ಓಂಕಾರ್.

ಇಸ್ತ್ರಿ ಅಂಗಿಯ ತೋಳು ಮಡಚಿ ಐದು ಸೋಮವಾರ ಪ್ರೆಸ್ಸಿನ ಮುಂದೆ ನಿಂತಿದ್ದಾರೆ. ಮೊದಲ ವಾರ ರಬ್ಬರು ಹಸಿ ಉಳಿಯಿತು, ಎರಡನೆಯ ವಾರ ಸುಟ್ಟಿತು. "ಗಡಿಯಾರ ಏನ್ ನೋಡ್ತೀರಿ ಸಾಹೇಬ್ರ, ವಾಸನಿ ನೋಡ್ರಿ," ಎಂದು ತಿಪ್ಪವ್ವ ಗದರಿದರು. ಮೂರನೆಯ ವಾರ ಓಂಕಾರ್ ಅವರ ಮಣಿಕಟ್ಟಿಗೂ ಒಂದು ಸುಟ್ಟ ಗೆರೆ ಬಿತ್ತು. ಶಿವಪುತ್ರಪ್ಪ ಬಂದು ನೋಡಿ, "ಈಗ ಪರ್ಮನೆಂಟ್ ಆದ್ರಿ ನೋಡ್ರಿ," ಎಂದ.

ಎಂಟನೆಯ ಕುಕ್ಕರಿನಲ್ಲಿ ಇರುವುದು ಐದನೆಯ ಸೋಮವಾರ ಅವರು ಒತ್ತಿದ ರಿಂಗು. ನಿನ್ನೆ ಮೂರು ಸೀಟಿ ತಡೆದಿದೆ. ಓಂಕಾರ್ ಬಾಗಿಲಲ್ಲಿ ನಿಂತಿದ್ದಾರೆ, ಒಳಗೆ ಬರುವುದಿಲ್ಲ. ಒಂದು ಸೀಟಿ. ತಿಪ್ಪವ್ವ ಅಂಗೈ ಆಡಿಸುತ್ತಾರೆ. ಎರಡು. ಮತ್ತೊಂದು ಸುತ್ತು, ಈ ಸಲ ನಿಧಾನವಾಗಿ. ಮೂರು. ಅಂಗೈಗೆ ಎಲ್ಲೂ ಹಬೆ ತಾಗುವುದಿಲ್ಲ.

ಒಲೆ ಆರಿಸಿ, ಹಬೆ ಇಳಿಯಲು ಬಿಟ್ಟು, ಮುಚ್ಚಳ ತೆಗೆದು ರಿಂಗು ಬಿಡಿಸುತ್ತಾರೆ. ಎರಡು ಬೆರಳಿಗೆ ಹಾಕಿ ಎಳೆಯುತ್ತಾರೆ, ಮೂಗಿನ ಹತ್ತಿರ ಹಿಡಿಯುತ್ತಾರೆ. ಸೆರಗಿನಿಂದ ಒರೆಸಿ, ತಮ್ಮ ಊಟದ ಡಬ್ಬಿಯ ಚೀಲಕ್ಕೆ ಹಾಕಿಕೊಳ್ಳುತ್ತಾರೆ.

ಅವರ ಮನೆಯ ಕುಕ್ಕರಿಗೆ ಇಷ್ಟು ವರ್ಷ ಅವರ ಕೈಯ ರಿಂಗು ಬಿಟ್ಟು ಬೇರೆ ಹತ್ತಿಲ್ಲ. ಓಂಕಾರ್‌ಗೆ ಅದು ಗೊತ್ತು. ಆದರೂ ಕೇಳುತ್ತಾರೆ, "ಮಾವಶಿ, ಅದನ್ನ ಎಲ್ಲಿಗಿ ಒಯ್ತೀರಿ?"

"ಮನಿಗ್ರಿ. ಎರಡ ದಿನ ಬರೇ ನೀರು ಕುದಿಸೇದ. ಇವತ್ತ ಸಂಜಿಗಿ ಇದರಾಗ ಬ್ಯಾಳಿ ಹಾಕ್ತೀನಿ."