ತೊಟ್ಟಿಲ ಹಗ್ಗದ ಎಳೆತ

ನಾನು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಹಗ್ಗದ ಎಳೆತದ ಪಾಠವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಅದಕ್ಕಾಗಿ ಮನೆಯವರ ಜೊತೆ ಜಗಳಕ್ಕೆ ನಿಂತದ್ದು ಒಂದೇ ಸಲ, ಬಾಣಂತನ ಮುಗಿಸಿ ಮಗಳನ್ನು ಮಡಕಶಿರದ ತವರಿನಿಂದ ರಾಯದುರ್ಗಕ್ಕೆ ಕರೆತಂದ ದಿನ.

ಅಪ್ಪ ಕೊಡಿಸಿದ ತೊಟ್ಟಿಲು ನಮಗಿಂತ ಮೊದಲೇ ಟೆಂಪೋದಲ್ಲಿ ಬಂದು ತಲುಪಿತ್ತು. ಅತ್ತೆ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ನಡುಮನೆಯಲ್ಲಿ ಕಟ್ಟಿಸಿಯೂ ಬಿಟ್ಟಿದ್ದರು. ತೊಲೆಯಲ್ಲಿದ್ದ ಎರಡು ಕಬ್ಬಿಣದ ಬಳೆಗಳು ಹಿಂದೆ ಉದ್ದನೆಯ ತೂಗುಮಣೆಗೆಂದು ಹಾಕಿಸಿದವು, ಒಂದಕ್ಕೊಂದು ಬಹಳ ದೂರ. ತೊಟ್ಟಿಲು ಚಿಕ್ಕದು, ಕಟ್ಟಿಸಿದ್ದು ತೀರ ಎತ್ತರದಲ್ಲಿ. ಹಾಗಾಗಿ ಎರಡು ತುದಿಯ ಹಗ್ಗಗಳೂ ಮೇಲಕ್ಕೆ ಹೋಗದೆ ಹೆಚ್ಚುಕಡಿಮೆ ಅಡ್ಡಡ್ಡ ಚಾಚಿಕೊಂಡಿದ್ದವು.

"ಅತ್ತೆ, ಇದ್ರಲ್ಲಿ ಮಗೂನ ಮಲಗಿಸಲ್ಲ. ಹಗ್ಗ ತಡೆಯಲ್ಲ," ಎಂದೆ.

"ಯಾಕ ತಡೆಯಲ್ಲವ್ವ? ನೆಲ್ಲಿನ ಚೀಲ ಎತ್ತೋ ಹಗ್ಗ ಐತಿ ಅದು. ಕೂಸು ಎಷ್ಟ್ ಭಾರ ಇದ್ದೀತು?"

ಗಂಡ ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಕೂಸನ್ನು ಅತ್ತೆಯ ಕೈಗೆ ಕೊಟ್ಟವಳೇ ಇನ್ನೊಂದು ಹಗ್ಗ ತಂದು, ಅದರ ನಡುವೆ ನೀರು ತುಂಬಿದ ಕೊಡ ಕಟ್ಟಿದೆ. ಒಂದು ತುದಿಯನ್ನು ಗಂಡನಿಗೆ, ಇನ್ನೊಂದನ್ನು ಮಾವನಿಗೆ ಹಿಡಿಸಿದೆ. ಹತ್ತಿರ ನಿಂತು ಎತ್ತಿದಾಗ ತಲಾ ಅರ್ಧ ಕೊಡದ ಭಾರ, ಇಬ್ಬರೂ ಹಾಯಾಗಿದ್ದರು.

"ಈಗ ದೂರ ಸರೀರಿ. ಹಗ್ಗ ನೆಟ್ಟಗಾಗೋವರೆಗೂ ಎಳೀರಿ."

ಕೊಡ ಅದೇ, ನೀರೂ ಅಷ್ಟೇ. ಮಾವನ ಕುತ್ತಿಗೆಯ ನರ ಉಬ್ಬಿತು, ಗಂಡನ ನಗು ಎಲ್ಲಿ ಹೋಯಿತೋ. ಹಗ್ಗ ಮಾತ್ರ ನೆಟ್ಟಗಾಗಲಿಲ್ಲ.

"ಸಾಕು ಬಿಡವ್ವ, ತೋಳು ಕಿತ್ತು ಬರ್ತಾವ!" ಎಂದರು ಮಾವ.

ಭಾರ ಹೊರುವುದು ಎಳೆತದಲ್ಲಿ ಮೇಲಕ್ಕೆ ಹೋಗುವ ಪಾಲು ಮಾತ್ರ. ಹಗ್ಗ ಅಡ್ಡವಾದಷ್ಟೂ ಆ ಪಾಲು ಕಡಿಮೆ. ಅದೇ ಭಾರಕ್ಕೆ ಎಷ್ಟೋ ಪಟ್ಟು ಹೆಚ್ಚು ಬಿಗಿಯಬೇಕು. ಪೂರ್ತಿ ನೆಟ್ಟಗಾದರೆ ಮೇಲಕ್ಕೆ ಎಳೆಯಲು ಏನೂ ಉಳಿಯುವುದಿಲ್ಲ, ಅದಕ್ಕೇ ಹಗ್ಗ ಎಂದೂ ಪೂರ್ತಿ ನೆಟ್ಟಗಾಗುವುದಿಲ್ಲ. "ಆ ತೊಟ್ಟಿಲಿನ ಹಗ್ಗದ ಪಾಡೂ ಇದೇ," ಎಂದೆ. ಗೆದ್ದೆ ಅಂದುಕೊಂಡು, "ಉದ್ದ ಹಗ್ಗ ಹಾಕಿ ಕೆಳಗಿಳಿಸಿಬಿಡೋಣ," ಎಂದೂ ಸೇರಿಸಿದೆ.

"ಕೆಳಗ ಬ್ಯಾಡ," ಎಂದರು ಅತ್ತೆ. ಕೂಸನ್ನು ಎದೆಗೆ ಅವುಚಿಕೊಂಡು ಗೋಡೆಯ ಕಡೆ ತಿರುಗಿ ನಿಂತುಬಿಟ್ಟರು.

ಕಾರಣ ಹೇಳಿದವರು ಮಾವ. ನನ್ನ ಗಂಡನಿಗಿಂತ ಮೊದಲು ಅವರಿಗೊಂದು ಹೆಣ್ಣುಕೂಸು ಹುಟ್ಟಿತ್ತು. ನೆಲಕ್ಕೆ ತಾಗುವಂತಿದ್ದ ಸೀರೆಯ ಜೋಲಿಯಲ್ಲಿ ಮಲಗಿದ್ದಾಗ ಚೇಳು ಕುಟುಕಿತು, ಕೂಸು ಉಳಿಯಲಿಲ್ಲ. ಆಮೇಲೆ ಹುಟ್ಟಿದ ಮಗನನ್ನು ಅತ್ತೆ ತೊಟ್ಟಿಲಿಗೇ ಹಾಕಲಿಲ್ಲ, ಮಡಿಲಲ್ಲೇ ಮಲಗಿಸಿಕೊಂಡು ಬೆಳೆಸಿದರು. ಈ ಸಂಗತಿ ನನ್ನ ಗಂಡನಿಗೂ ಗೊತ್ತಿರಲಿಲ್ಲ.

ಆದರೂ ನನ್ನ ಮಾತು ಸುಳ್ಳಾಗಿರಲಿಲ್ಲ, ಅವರ ಭಯವೂ ಸುಳ್ಳಲ್ಲ. ತೊಟ್ಟಿಲು ಎತ್ತರದಲ್ಲಿರುವುದು ತಪ್ಪಲ್ಲ, ಹಗ್ಗ ಅಡ್ಡ ಚಾಚಿರುವುದು ತಪ್ಪು. ಬಡಗಿಯನ್ನು ಕರೆಸಿ, ತೊಲೆಗೆ ತೊಟ್ಟಿಲಿನ ಉದ್ದದಷ್ಟೇ ಅಂತರದಲ್ಲಿ ಎರಡು ಹೊಸ ಕೊಕ್ಕೆ ಹಾಕಿಸಿದೆ. ಈಗ ಹಗ್ಗಗಳು ಗಿಡ್ಡವಾಗಿ, ನೇರ ಮೇಲಕ್ಕೆ ನಿಂತವು. ತೊಟ್ಟಿಲು ಒಂದು ಬೆರಳೂ ಕೆಳಗಿಳಿಯಲಿಲ್ಲ.

ಅತ್ತೆ ಕೂಸನ್ನು ನನ್ನ ಕೈಗಿತ್ತು ಸೆರಗು ಸಿಕ್ಕಿಸಿಕೊಂಡರು. ಏನು ಮಾಡುತ್ತಾರೆಂದು ನಾವು ನೋಡುತ್ತಿದ್ದಂತೆ ಎರಡೂ ಹಗ್ಗಗಳನ್ನು ಹಿಡಿದು, ನೆಲದಿಂದ ಎರಡೂ ಕಾಲು ಎತ್ತಿ ಜೋತುಬಿದ್ದರು. ದಪ್ಪ ಮೈಯ ಹೆಂಗಸು. ಮಾವ "ಏ, ಏ!" ಎಂದು ಓಡಿಬಂದರು. ಕೊಕ್ಕೆ ಮಿಸುಕಲಿಲ್ಲ, ಹಗ್ಗ ಜಗ್ಗಲಿಲ್ಲ.

ಅತ್ತೆ ಕಾಲು ಊರಿ, ಏದುಸಿರು ಬಿಡುತ್ತ ನನ್ನ ಕಡೆ ಎರಡೂ ಕೈ ಚಾಚಿದರು.

"ಈಗ ಕೊಡು ನನ್ನ ಕೂಸನ್ನ."